ಹೀಟರಿನ ನೀರು

ಜುಲೈ ತಿಂಗಳ ಫಾಹಾಹೀಲಿನಲ್ಲಿ
ತಣ್ಣೀರಿನ ನಲ್ಲಿ ಕೈ ಸುಡುತ್ತದೆ.
ತಾರಸಿಯ ಟ್ಯಾಂಕಿನಲ್ಲಿ ಹಗಲಿಡೀ ಕುದ್ದದ್ದು
ನಡುರಾತ್ರಿಗೂ ಆರಿರುವುದಿಲ್ಲ.
ಬಂದ ಹೊಸತರಲ್ಲಿ ಫ್ಲೋಸಿಯಕ್ಕ ಹೇಳಿಕೊಟ್ಟಳು:
ಹೀಟರಿನ ಸ್ವಿಚ್ಚು ಆರಿಸಿಡು ಮಾರಾಯ್ತಿ.
ಒಳಗೆ ಸುಮ್ಮನೆ ನಿಂತ ನೀರು ತಂಪಾಗುತ್ತದೆ,
ಬಿಸಿನೀರಿನ ನಲ್ಲಿ ತಿರುಗಿಸಿ ಮೀಯಿ.

ಐದೂವರೆಗೆ ಆಸ್ಪತ್ರೆಯ ಬಸ್ಸು. ನಾಲ್ಕೂಮುಕ್ಕಾಲಿಗೆ
ಅಡುಗೆಕೋಣೆಯ ನೆಲದಲ್ಲಿ
ಅಕ್ಕಿಚೀಲಕ್ಕೆ ಬೆನ್ನು ಕೊಟ್ಟು ಕೂರುತ್ತೇನೆ.
ಒಳಗೆ ಮೂವರು ಮಲಗಿದ್ದಾರೆ.
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಗುತ್ತದೆ.
ಉಸಿರು ಎಣಿಸುತ್ತೇನೆ. ಏಳಕ್ಕೆ ತಪ್ಪುತ್ತದೆ:
ಏಳರಲ್ಲಿ ಇನ್‌ಚಾರ್ಜ್ ಸಿಸ್ಟರಿನ ಮಾತು,
ಕಟ್ಟದೆ ಉಳಿದ ಚೀಟಿಯ ಕಂತು,
ಯಾವತ್ತೋ ನಾನೇ ಆಡಿದ ಒಂದು ಸುಳ್ಳು.
ಮತ್ತೆ ಒಂದರಿಂದ.

ಮೊದಲ ವರ್ಷ ನನ್ನ ಕೈಗೆ ಬಲು ಅವಸರ.
ವೆಲ್ಡರ್ ಗುಲ್‌ಜಮೀನನ ಬೆನ್ನಿನ ಪಟ್ಟಿ ಬಿಚ್ಚುವಾಗ
ಹಲ್ಲಿನ ಸಂದಿನಿಂದ ಕೇಳಿದ್ದ:
"ಯಾರ ಮೇಲೆ ಸಿಟ್ಟು, ಬೆಹೆನ್?"
ಸುಟ್ಟ ಚರ್ಮಕ್ಕೆ ಗೊತ್ತಾಗಿತ್ತು ಅದು,
ನನಗಿಂತ ಮೊದಲು.

ಹತ್ತು ಮುಟ್ಟಿದ್ದು ಈವರೆಗೆ ಮೂರೋ ನಾಲ್ಕೋ ಸಲ.
ಇವತ್ತೂ ಮುಟ್ಟಲಿಲ್ಲ.
ಎದ್ದು, ಬಿಸಿನೀರಿನ ನಲ್ಲಿ ತಿರುಗಿಸಿ
ಮೊಣಕೈವರೆಗೆ ತೊಳೆದುಕೊಂಡೆ.

ವಾರ್ಡಿನಲ್ಲಿ ಹೊಸಬ, ಸಿಲ್ಹೆಟ್ಟಿನ ಹುಡುಗ,
ಹೋಟೆಲಿನ ಎಣ್ಣೆ ಸಿಡಿದ ಮುಂಗೈ.
ಪಟ್ಟಿ ಅರ್ಧ ಬಿಚ್ಚಿಯಾಗಿತ್ತು. ಬಿಗಿಯಾಗಿ
ಕಣ್ಣು ಮುಚ್ಚಿಕೊಂಡೇ ಕೇಳಿದ:
"ಶುರು ಮಾಡಿದಿರಾ, ಸಿಸ್ಟರ್?"