ಐದನೆಯ ಅಂಕ, ಮೂರನೆಯ ಪೀರಿಯಡ್

ಗ್ರಿಮ್ಸ್‌ಬಿಯ ಈ ಕೋಣೆಯ ಕಿಟಕಿ ತೆರೆದರೆ ಮೀನು ಸುಡುವ ಹೊಗೆ,
ಮುಚ್ಚಿದರೆ ಮೂವತ್ತು ಒದ್ದೆ ಕೋಟುಗಳ ವಾಸನೆ.
ಅರ್ಧ ತೆರೆದಿಟ್ಟೆ.
ಪುಸ್ತಕ ಹಂಚಿದೆ: ಬೆನ್ನು ಕಿತ್ತವು, ಮುಖಪುಟದ ಡ್ಯೂಕನಿಗೆ
ಎಂದೋ ಯಾರೋ ನೀಲಿ ಶಾಯಿಯಲ್ಲಿ ಬರೆದ ಮೀಸೆ.

'ನಾನೂರು ವರ್ಷ ಹಳೆಯದು' ಎಂದೆ.
'ಮೂಸಿದರೇ ಗೊತ್ತಾಗುತ್ತೆ ಮಿಸ್' ಎಂದ ಲಾರ್ಕನ್.
ನಕ್ಕರು. ನಗಲಿ. ಹತ್ತೊಂಬತ್ತು ವರ್ಷದಿಂದ
ಈ ನಗೆಯ ಹೊಸ್ತಿಲು ದಾಟಿಯೇ ಒಳಗೆ ಹೋಗಿದ್ದೇನೆ.

ಕತೆ ಹೇಳಿದೆ, ಬಸ್ಸಿಗೆ ಕಾಯುವವರ ಹತ್ತಿರ ಹೇಳುವಂತೆ:
ಒಬ್ಬ ಡ್ಯೂಕ್. ಅವನಿಗೊಬ್ಬ ತಂಗಿ.
ತಂಗಿಗೆ ಬಂದ ಕಾಗದವನ್ನು ತಾನೇ ಒಡೆದು ಓದುತ್ತಾನೆ.
ಅಷ್ಟೇ ತಪ್ಪು.
ಒಡೆದ ಅರಗನ್ನು ಮತ್ತೆ ಕರಗಿಸಿ ಅಂಟಿಸಲು ಹೋಗಿ
ಒಂದು ಸುಳ್ಳು, ಸುಳ್ಳಿಗೊಂದು ಸಾಕ್ಷಿ, ಸಾಕ್ಷಿಗೆ ಲಂಚ,
ಲಂಚಕ್ಕೆ ಬಾಯಿ ಬಂದಾಗ ಬಾಕು.
ಕೊನೆಗೆ ಏಳು ಹೆಣ.

'ಏಳಾ!' ಹಿಂದಿನ ಬೆಂಚಿಗೆ ಜೀವ ಬಂತು.
ಯಾರು ಯಾರನ್ನು, ಯಾವುದರಿಂದ ಎಂದು ಬೋರ್ಡಿನ ಮೇಲೆ
ಫುಟ್‌ಬಾಲ್ ಸ್ಕೋರಿನ ಹಾಗೆ ಬರೆದೆವು.
ವಿಷ ಎರಡು, ಕತ್ತಿ ನಾಲ್ಕು, ದುಃಖ ಒಂದು.
ದುಃಖವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು
ಮತ ಹಾಕಿದರು. ಹದಿನಾರಕ್ಕೆ ಹದಿಮೂರು: ಹಿಡಿಯಬೇಕು.

ಮಾರ್ನಿ ಬ್ರಾಕಲ್ಸ್‌ಬಿ ಯಾವ ಕಡೆಗೂ ಕೈ ಎತ್ತಲಿಲ್ಲ.

ಪರೀಕ್ಷೆಗೆ ಬೇಕಾದ ಪದಗಳು ನನ್ನಲ್ಲಿ ಸಿದ್ಧವಿದ್ದವು:
ದುರಂತ ದೋಷ, ವಿಧಿ, ಭಾವವಿರೇಚನ.
ಪೆನ್ನಿನ ಮುಚ್ಚಳ ತೆಗೆದಿದ್ದೆ, ಆಗ ಅವಳು:

'ಮಿಸ್, ಆಮೇಲೆ ಅವರನ್ನೆಲ್ಲ ಎತ್ತುವವರು ಯಾರು?'

ಅವಳ ಅಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ನೆಲ ಒರೆಸುವವಳು.
ಪೋಷಕರ ಸಭೆಗೆ ಒಮ್ಮೆ ಬಂದವಳು ಕುರ್ಚಿಯ ತುದಿಯಲ್ಲಿ ಕೂತು
ನನ್ನ ಮಾತು ಕೇಳುತ್ತ ನನ್ನ ಕೋಣೆಯ ಮೂಲೆಗಳನ್ನು ನೋಡುತ್ತಿದ್ದಳು.

ಯಾವ ಗೈಡಿನಲ್ಲೂ ಇಲ್ಲದ ಪ್ರಶ್ನೆ.
ಹೇಳಿದೆ: ಆ ಕಾಲದ ರಂಗಕ್ಕೆ ಮುಂದೆ ಪರದೆ ಇರಲಿಲ್ಲ.
ದೀಪ ಆರಿಸಿ ಕತ್ತಲು ಮಾಡುವಂತಿಲ್ಲ, ಮೇಲೆ ಮಧ್ಯಾಹ್ನದ ಬಟ್ಟಬಯಲು ಬಾನು.
ಸತ್ತವನು ತಾನೇ ಎದ್ದು ಮೈ ಕೊಡವಿ ಹೊರಟರೆ
ಜನ ಕೈಯಲ್ಲಿದ್ದ ಕಾಯಿ ಸಿಪ್ಪೆ ಎಸೆಯುತ್ತಾರೆ.
ಅದಕ್ಕೇ ಉಳಿದವರ ಬಾಯಲ್ಲಿ ಕೊನೆಗೊಂದು ಸಾಲು:
ಬನ್ನಿ, ಇವರನ್ನು ಒಳಗೆ ಒಯ್ಯೋಣ.
ಆ ಸಾಲಿನ ಹೊತ್ತಿಗೆ ಪ್ರತಿ ವರ್ಷವೂ
ಗಂಟೆ ಹೊಡೆದಿರುತ್ತಿತ್ತು, ಚೀಲ ಹೆಗಲೇರಿರುತ್ತಿತ್ತು.

'ಎತ್ತಿ ನೋಡೋಣ' ಎಂದಳು ಮಾರ್ನಿ.

ಮೇಜು ಸರಿಸಿದೆವು. ಏಳು ಜನ ಸತ್ತರು, ತುಂಬ ಖುಷಿಯಿಂದ.
ಹೆಗಲು ಕೊಡಲು ಇಪ್ಪತ್ತಮೂರು ಜನ ಉಳಿದರು.
ಲಾರ್ಕನ್ ಡ್ಯೂಕ್; ಸಾಯಲು ನಾಲ್ಕು ನಿಮಿಷ ತೆಗೆದುಕೊಂಡ.
ವೊಯ್ಟೆಕ್ ಕಾಲು ಹಿಡಿದ, ಇಬ್ಬರು ತೋಳು, ಮಾರ್ನಿ ತಲೆ.
'ಕುತ್ತಿಗೆಗೆ ಕೈ ಕೊಡಬೇಕು, ಇಲ್ಲದಿದ್ದರೆ ಜೋತು ಬೀಳುತ್ತೆ.'
ಎಲ್ಲಿ ಕಲಿತೆ ಎಂದು ಯಾರೂ ಕೇಳಲಿಲ್ಲ.
ಹೆಣಭಾರ ಎಂಬುದು ಅಲ್ಲಿಯವರೆಗೆ ಬರೀ ಮಾತಾಗಿತ್ತು.
ನಗುವ ಹೆಣ ಇನ್ನೂ ಭಾರ.
ಬಾಗಿಲಲ್ಲಿ ಸಿಕ್ಕಿಕೊಂಡಿತು; ಓರೆ ಮಾಡಿ ಸಾಗಿಸಿದರು,
ಸೋಫಾ ಸಾಗಿಸುವ ಹಾಗೆ.

ಮೂರನೆಯದರ ಹೊತ್ತಿಗೆ ನಗು ನಿಂತಿತ್ತು.
ನಿಲ್ಲಿಸಿ ಎಂದು ನಾನು ಹೇಳಿರಲಿಲ್ಲ.
ಐದನೆಯದು ತಂಗಿ. ಯೂನಿಸ್, ಸಣ್ಣ ಮೈಯವಳು,
ಕಣ್ಣು ಬಿಗಿಯಾಗಿ ಮುಚ್ಚಿದ್ದಳು.
ಯಾರೋ ಅವಳ ಸ್ಕರ್ಟನ್ನು ಮೊಣಕಾಲಿಗೆ ಎಳೆದರು.
ಯಾರೋ ಕಳಚಿಬಿದ್ದ ಶೂ ಎತ್ತಿ ಹೊಟ್ಟೆಯ ಮೇಲಿಟ್ಟರು.

ಕಾರಿಡಾರಿನಲ್ಲಿ ಸಾಲಾಗಿ ಏಳು ಮಕ್ಕಳು.
ಭೂಗೋಳದ ಮೇಷ್ಟರು ದಾಟಿ ಹೋಗಲಾರದೆ
ಚಹಾದ ಕಪ್ಪು ಹಿಡಿದು ಗೋಡೆಗೆ ಒತ್ತಿ ನಿಂತರು.

ಒಳಗೆ ಬಂದರೆ ಖಾಲಿ ನೆಲ, ಬೋರ್ಡಿನ ಮೇಲೆ ಇನ್ನೂ ಸ್ಕೋರು.
ನಾನು ಬೇಡ ಎನ್ನುವಷ್ಟರಲ್ಲಿ ಮಾರ್ನಿ ಡಸ್ಟರು ಹಿಡಿದು,
ಮೇಲಿಂದ ಕೆಳಕ್ಕೆ, ಅಂಚುಗಳನ್ನೂ ಬಿಡದೆ ಒರೆಸಿ,
ಕೈ ಪ್ಯಾಂಟಿಗೆ ಸವರಿಕೊಂಡು ಕೂತಳು.

ಸತ್ತವರು ಒಬ್ಬೊಬ್ಬರಾಗಿ ಮರಳಿದರು, ಧೂಳು ಕೊಡವುತ್ತ.
ಪುಟ ಒಂದು ತೆಗೆಯಿರಿ ಎಂದೆ.
ಅಲ್ಲಿ ಕುದುರೆಯಿಂದ ಈಗಷ್ಟೇ ಇಳಿದ ಆಳಿನ ಕೈಯಲ್ಲಿ
ಕಾಗದವಿತ್ತು; ಅರಗು ಇನ್ನೂ ಒಡೆದಿರಲಿಲ್ಲ.