ಖಾಲಿ ಬಿಟ್ಟ ಚೌಕ

ನನ್ನ ಗಂಡ ಊಯ್ ಬೂನ್ ತೆಕ್
ಅಕ್ಷರಗಳನ್ನು ಬೆನ್ನ ಕಡೆಯಿಂದ ಬಲ್ಲವನು.
ಪಿನಾಂಗಿನ ಮಿಷನ್ ಅಚ್ಚುಕೂಟದಲ್ಲಿ
ನೂರು ಅಕ್ಷರಕ್ಕಿಷ್ಟು ಎಂದು ಕೂಲಿ.
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ,
ಕನ್ನಡಿಯೊಳಗಿನ ಊರಿನವನಂತೆ
ಹಲಗೆಯ ಮೇಲೆ ಬಾಗಿರುತ್ತಿದ್ದ.

ದೇವರಿಗೆ ಯಾವ ಅಕ್ಷರ?
ಪಾದ್ರಿ ಕೆಲ್‌ವೇ 'ಶಾಂಗ್ ತಿ, ಮೇಲಿನ ದೊರೆ' ಅಂದರು.
ಹಡಗಿಳಿದು ಬಂದ ಇನ್ನೊಬ್ಬರು
'ಛೆ, ಅದು ಗುಡಿಯ ಹೊಗೆ ಹಿಡಿದ ಹೆಸರು,
ಶೆನ್ ಎಂದಿರಲಿ' ಅಂದರು.
ಶೆನ್ ನಮ್ಮಲ್ಲಿ ಒಲೆಗೂ ಉಂಟು, ಹೊಸ್ತಿಲಿಗೂ ಉಂಟು.
ನಾನು ನಕ್ಕೆ. ಅವನು ನಗಲಿಲ್ಲ.

ಮೂರು ಸಲ ಕೆತ್ತಿದ, ಮೂರು ಸಲ ಹೆರೆದ.
ಕಾಗದಗಳು ಲಂಡನ್ನಿಗೋ ಎಲ್ಲಿಗೋ ಹೋದವು.
ಗಾಳಿ ಎರಡು ಬಾರಿ ದಿಕ್ಕು ಬದಲಿಸಿತು.
ಕಡೆಗೆ ಅಪ್ಪಣೆಯಾಯಿತು:
ಆ ಜಾಗ ಖಾಲಿ ಬಿಡು.

ಖಾಲಿ ಬಿಡುವುದೆಂದರೆ ಸುಮ್ಮನಿರುವುದಲ್ಲ.
ಮಸಿ ತಾಕದ ಹಾಗೆ ಆ ಚೌಕವನ್ನು
ಉಳಿದೆಲ್ಲಕ್ಕಿಂತ ಆಳವಾಗಿ ತೋಡಬೇಕು.
ಅರ್ಧ ದಿನ ಹಿಡಿಯಿತು.
ಶನಿವಾರ ಗುಮಾಸ್ತ ಅಕ್ಷರ ಎಣಿಸಿದ.
ಖಾಲಿಗೆ ಕಾಸಿಲ್ಲ.

ಸೀಳು ಬಿಟ್ಟ ಹಲಗೆ ಮನೆಗೆ ಬಂತು.
ತೊಳೆದು, ಅದರ ಮೇಲೆ ಅಕ್ಕಿಹಿಟ್ಟು ತಟ್ಟಿದೆ.
ಹಬೆಯಲ್ಲಿ ಬೆಂದ ಮೇಲೂ
ಸಾಲು ಸಾಲು ಅಕ್ಷರ, ಈಗ ನೆಟ್ಟಗೆ;
ನಡುವೆ, ಅವನು ತೋಡಿದ್ದಲ್ಲಿ,
ಹೆಬ್ಬೆರಳಿನಷ್ಟು ಒಂದು ಉಬ್ಬು.

'ಇನ್ನೂ ಹಿಂಜರಿಯುತ್ತಾನೆ' ಎಂದು
ಪಾದ್ರಿ ತಮ್ಮ ಪುಸ್ತಕದಲ್ಲಿ ಅವನ ಬಗ್ಗೆ ಬರೆದಿದ್ದರಂತೆ.
ದೀಕ್ಷಾಸ್ನಾನದ ಮಾತೆತ್ತಿದರೆ ಉಳಿ ಮಸೆಯುತ್ತಿದ್ದ.

ಆ ರಾತ್ರಿ ಉಬ್ಬನ್ನೇ ಮೊದಲು ಮುರಿದು
ಮಗಳು ಸಿಯೊಕ್ ಹ್ವಾಳ ಬಾಯಿಗಿಟ್ಟ,
ಏನೋ ಕೇಳಲಿರುವವನ ಹಾಗೆ
ಅವಳ ಮುಖವನ್ನೇ ನೋಡುತ್ತ ಕೂತ.

ಉಪ್ಪು ಸಾಲದು ಅಂದಳು.