ಪಾಠ ಆರು: ಹಿಮ ಬೀಳುತ್ತಿದೆ

ರಾಸ್ ಅಲ್ ಖೈಮಾದ ಹೋಟೆಲೊಂದರ ನೆಲಮಾಳಿಗೆ.
ಸಂಜೆ ಪಾಳಿ ಮುಗಿದು ಇಸ್ತ್ರಿಯ ರೋಲರು ಆರುತ್ತಿರುವಾಗ
ಟವೆಲ್ ಮೂಟೆಗಳ ಮೇಲೆ ಕೂತು
ನಾವಿಬ್ಬರು ಇಂಗ್ಲಿಷ್ ಕಲಿಯುತ್ತೇವೆ.

ಪುಸ್ತಕ ಜಾನ್ಸಾಯಳದು, ಶಿಮ್ಕೆಂತಿನ ಶಾಲೆಯದು,
ಬೆನ್ನಿಗೆ ಕಂದು ಟೇಪು.
ಬಿಟ್ಟ ಸ್ಥಳ ತುಂಬಿ ಎಂದಲ್ಲೆಲ್ಲ
ಹನ್ನೆರಡರ ಜಾನ್ಸಾಯ ಪೆನ್ಸಿಲಿನಲ್ಲಿ ತುಂಬಿದ್ದಾಳೆ,
ಅರ್ಧಕ್ಕರ್ಧ ತಪ್ಪು.
ಮೂವತ್ತೊಂದರ ಜಾನ್ಸಾಯ ಅಳಿಸಗೊಡುವುದಿಲ್ಲ.

ಅಸಾನನ ತಾತನಿಗೆ ಒಂದು ಕುದುರೆ ಇದೆ.
ಈ ಗುಡಾರ ದುಂಡಗಿದೆ. ಇದಕ್ಕೆ ಮೂಲೆಗಳಿಲ್ಲ.
ಸಮೋವರಿನ ಹತ್ತಿರ ಯಾರು ಕೂತಿದ್ದಾರೆ?
ವೇರಾ ಅಜ್ಜಿ ಕೂತಿದ್ದಾರೆ.
ವೇರಾ ಅಜ್ಜಿ ಏನು ಮಾಡುತ್ತಿದ್ದಾರೆ?
ಗೊತ್ತಿಲ್ಲ, ಮುಂದಿನ ಹಾಳೆ ಹರಿದಿದೆ.

"ಇಟ್ ಈಸ್ ಸ್ನೋಯಿಂಗ್" ಎಂದು ಓದುತ್ತೇನೆ.
ಆಗಸ್ಟು. ರಾತ್ರಿ ಹನ್ನೊಂದಕ್ಕೂ ಹೊರಗೆ ಮೂವತ್ತೆಂಟು.
ಹಿಮ ಕಂಡವಳಲ್ಲ ನಾನು, ಗಂಗಾವತಿಯವಳು.
ಗಾಳಿಯಿಂದ ಮೆಲ್ಲಗೆ ಇಳಿಯುವುದೆಂದರೆ
ನನಗೆ ರೈಸ್ ಮಿಲ್ಲಿನ ತೌಡು.
ತೌಡಿಗೆ ಇಂಗ್ಲಿಷಿನಲ್ಲಿ ಏನೋ, ಇಬ್ಬರಿಗೂ ತಿಳಿಯದು.
ಬೆರಳು ಅಲುಗಿಸುತ್ತ ಕೈ ಇಳಿಸಿ ತೋರಿಸಿದೆ.
ಅವಳು ಹಿಮ ತೋರಿಸಿದಳು.
ಅದೇ ಬೆರಳು, ಅದೇ ಇಳಿತ.

ಜಗಳವೆಲ್ಲ 'ಎ' ಮತ್ತು 'ದಿ' ಜೊತೆ.
ಅವಳ ಕಜಕ್‌ನಲ್ಲಿಲ್ಲ, ರಷ್ಯನ್‌ನಲ್ಲಿಲ್ಲ, ನನ್ನ ಕನ್ನಡದಲ್ಲೂ ಇಲ್ಲ.
ಯಾವುದೋ ಒಂದು ಟವೆಲು
ಯಾವ ಗಳಿಗೆಯಲ್ಲಿ 'ಆ' ಟವೆಲು ಆಗುತ್ತದೆ?
ಏಳನೇ ಮಹಡಿಯ ಹೆಂಗಸು ಫೋನಿನಲ್ಲಿ
"ಪಲಟ್ಯೆಂತ್ಸೆ!" ಎಂದು ಕಿರುಚಿದಾಗ,
ಎಂದು ತೀರ್ಮಾನಿಸಿಕೊಂಡಿದ್ದೇವೆ.

'ಆಮ್' ಬೇರೆ.
ರಷ್ಯನ್‌ನಲ್ಲಿ ನಾನು ಅಗಸಗಿತ್ತಿ ಅಂದರೆ ಮುಗಿಯಿತಂತೆ.
ನಮ್ಮಲ್ಲೂ ಅಷ್ಟೇ.
ಇಂಗ್ಲಿಷಿನವರಿಗೆ ಮಾತ್ರ ನನಗೂ ನನ್ನ ಕೆಲಸಕ್ಕೂ ನಡುವೆ
ಒಂದು ಗುಂಡಿ ಹಾಕಲೇಬೇಕು,
ಇಲ್ಲದಿದ್ದರೆ ಬಿಚ್ಚಿಕೊಂಡುಬಿಡುತ್ತೇನೇನೋ.
ಎದೆಯ ಬಿಲ್ಲೆಯಲ್ಲಿ ಜೆಮ್ಮಾ ಎಂದಿದೆ.
ಹುಲಿಗೆಮ್ಮ ಉದ್ದವಾಯಿತೆಂದು ಹುಲಿಯನ್ನು ಕತ್ತರಿಸಿದರು.
ಐ ಆಮ್ ಜೆಮ್ಮಾ.
ವ್ಯಾಕರಣ ಸರಿಯಿದೆ.

ಮೊನ್ನೆ ಅವಳ ಕರಾರು ಮುಗಿದ ಕಾಗದ ಬಂತು.
"ಫ್ರೈಡೇ ಐ ಗೋ ಟು ಹೋಮ್" ಅಂದಳು.
ಪುಟ ಐವತ್ತನಾಲ್ಕು ತೆಗೆದೆವು.
ಅಲ್ಲೂ ಅದೇ ಬರೆದಿದ್ದಳು, ಹನ್ನೆರಡರಲ್ಲಿ,
ಮೇಲೆ ಯಾವುದೋ ಮೇಷ್ಟ್ರ ಕೆಂಪು ಗೀಟು.
ಬಜಾರಿಗೆ 'ಟು' ಉಂಟು, ಆಸ್ಪತ್ರೆಗೆ ಉಂಟು,
ಹೋಮ್ ಮುಂದೆ ಏನೂ ಬರಕೂಡದು.
ಯಾಕೆ ಎಂದು ಪುಸ್ತಕ ಹೇಳುವುದಿಲ್ಲ.

"ನಿಮ್ಮಲ್ಲಿ ಏನಂತೀರಿ?" ಕೇಳಿದೆ.
"ಉಯ್‌ಗೆ."
ಉಯ್ ಅಂದರೆ ಮನೆ.
"ಇನ್ನೊಮ್ಮೆ ಅನ್ನು."
"ಉಯ್-ಗೆ."
"ಮನಿ-ಗೆ," ಅಂದೆ ನಾನು.
ಮೂಟೆಯಿಂದ ಜಾರಿ ನೆಲಕ್ಕೇ ಕೂತಿದ್ದೆ.
ಶಾಲೆಗೆ? ಮೆಕ್ತೆಪ್‌ಕೆ, ಗಂಟಲು ಕೊಂಚ ಬಿಗಿಯಾಗಿದೆ ಅಷ್ಟೆ.
ಕುದುರೆಗೆ? ಅತ್‌ಕಾ.
ಅವ್ವಗೆ?
"ಶೆಶೆಗೆ."
ಆಮೇಲೆ ಇಬ್ಬರೂ ಸುಮ್ಮನಾದೆವು.
ರೋಲರಿನಲ್ಲಿ ಉಳಿದಿದ್ದ ಹಬೆ
ಒಮ್ಮೆ ಉಸ್ಸೆಂದಿತು.

ಶುಕ್ರವಾರ ಬೆಳಗಿನ ಜಾವ, ನಾಲ್ಕರ ವ್ಯಾನು.
ಪುಸ್ತಕ ಕೊಟ್ಟುಹೋಗುವಳೆಂದುಕೊಂಡಿದ್ದೆ. ಕೊಡಲಿಲ್ಲ.
ಐವತ್ತನಾಲ್ಕನೇ ಪುಟ ಮಾತ್ರ ಹರಿದು
ನನ್ನ ಏಪ್ರನ್ನಿನ ಜೇಬಿಗೆ ತುರುಕಿದಳು.

ಹಾಜರಿ ಹಾಕುವಾಗ ಸೂಪರ್‌ವೈಸರ್ ರೊವೆನಾ ತಲೆ ಎತ್ತದೆ ಕೇಳಿದಳು,
ಜಾನ್ಸಾಯ ಎಲ್ಲಿ?
"ಹೋಮ್‌ಗೆ," ಅಂದೆ.
"ಹೋಮ್," ಎಂದು ತಿದ್ದಿ, ಅಷ್ಟನ್ನೇ ಬರೆದುಕೊಂಡಳು.
ಉಳಿದದ್ದು ನನ್ನ ಬಾಯಲ್ಲಿತ್ತು.